ಎಣ್ಣೆ ಪ್ಯಾಕೆಟ್ಟನ್ನು ತಕ್ಕಡಿಗೆ ಹಾಕಿದ ಮೇಲೆ

ಆಮದು ಸುಂಕ ಏರಿದರೆ ಅಡುಗೆ ಎಣ್ಣೆ ಎಷ್ಟು ದಿನದಲ್ಲಿ ತುಟ್ಟಿಯಾಗುತ್ತದೆ? ಅರ್ಥಶಾಸ್ತ್ರದ ಮೇಷ್ಟ್ರಾದ ನಾನು ಎರಡು ವರ್ಷ ಬೆನ್ನು ಹತ್ತಿದ ಪ್ರಶ್ನೆ ಇದು. ನಾವು ಬಳಸುವ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. ತೆರಿಗೆ, ವಿದೇಶಿ ವ್ಯಾಪಾರ, ಹಣದುಬ್ಬರ ಮೂರೂ ಒಂದೇ ಪ್ಯಾಕೆಟ್ಟಿನಲ್ಲಿ ಸಿಗುತ್ತವೆ.

2024ರ ಸೆಪ್ಟೆಂಬರ್ 14ರಂದು ಸಂಸ್ಕರಿಸದ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಸುಂಕ ಸೊನ್ನೆಯಿಂದ ಶೇ. 20ಕ್ಕೆ ಏರಿತು. ಲೆಕ್ಕ ಅಲ್ಲಿಗೆ ನಿಲ್ಲುವುದಿಲ್ಲ. ಕೃಷಿ ಸೆಸ್ ಶೇ. 5 ಮೊದಲೇ ಇತ್ತು. ಎರಡನ್ನೂ ಕೂಡಿಸಿ, ಬಂದ ಮೊತ್ತದ ಹತ್ತನೇ ಒಂದು ಭಾಗ ಸಮಾಜ ಕಲ್ಯಾಣ ಮೇಲ್ತೆರಿಗೆ. ಬಂದರಿನಲ್ಲಿ 105.50 ರೂಪಾಯಿ ಆಗುತ್ತಿದ್ದ ನೂರು ರೂಪಾಯಿಯ ಎಣ್ಣೆ ಆಗ 127.50 ಆಯಿತು. ಜಿಎಸ್‌ಟಿ ಬೇರೆ.

ಪ್ರತಿ ಶನಿವಾರ ಮೂರು ದಿನಸಿ ಅಂಗಡಿಗಳಲ್ಲಿ ಬೆಲೆ ಬರೆದುಕೊಳ್ಳುತ್ತಿದ್ದೆ. ಅಂಕಿಗಳು ಮಾತ್ರ ತಾಳೆಯಾಗುತ್ತಿರಲಿಲ್ಲ. ಒಂದೇ ವಾರ ಒಂದು ಕಂಪನಿಯ ಬೆಲೆ ಏರಿದರೆ ಇನ್ನೊಂದರದು ಇದ್ದಲ್ಲೇ ಇರುತ್ತಿತ್ತು. ನನ್ನ ಗೋಳಾಟ ನೋಡಲಾರದೆ ಅಂಗಡಿಯವರೊಬ್ಬರು, “ಮೇಷ್ಟ್ರೇ, ಬೆಲೆ ಒಂದನ್ನೇ ಬರೆದರೆ ಹೇಗೆ? ತೂಕ ನೋಡಿ” ಎಂದು ಎರಡು ಪ್ಯಾಕೆಟ್ಟುಗಳನ್ನು ತಕ್ಕಡಿಗೆ ಹಾಕಿದರು. ಒಂದು ಲೀಟರಿನದು, ಸುಮಾರು 910 ಗ್ರಾಂ. ಇನ್ನೊಂದು ನೋಡಲು ಅದರ ಅವಳಿಯಂತಿದ್ದರೂ ಹಿಂಬದಿಯ ಸಣ್ಣ ಅಕ್ಷರದಲ್ಲಿ 850 ಗ್ರಾಂ ಎಂದಿತ್ತು. ಇಂತಿಷ್ಟೇ ಅಳತೆಯಲ್ಲಿ ಮಾರಬೇಕೆಂಬ ಹಳೆಯ ಕಟ್ಟುಪಾಡು ಹೋಗಿದ್ದು ನನಗೆ ಗೊತ್ತಿದ್ದ ವಿಷಯವೇ, ಆದರೂ ಹೊಳೆದಿರಲಿಲ್ಲ. ಅದಕ್ಕೂ ಮುಂಚೆ ಕೆಲವು ಕಂಪನಿಗಳು ಎಣ್ಣೆಯನ್ನು 60 ಡಿಗ್ರಿ ಶಾಖದಲ್ಲಿ ಅಳೆದಂತೆ ಮುದ್ರಿಸುತ್ತಿದ್ದವು. ಬಿಸಿಯಾದ ಎಣ್ಣೆ ಹಿಗ್ಗುತ್ತದೆ, ಲೀಟರಿನಲ್ಲಿ ತೂಕ ಕಡಿಮೆ! ಶಾಖದ ಉಲ್ಲೇಖವಿಲ್ಲದೆ ಅಳತೆಯನ್ನೂ ತೂಕವನ್ನೂ ಮುದ್ರಿಸಿ ಎಂದು ಕೇಂದ್ರ ಸರ್ಕಾರ 2022ರ ಆಗಸ್ಟ್‌ನಲ್ಲಿ ಸೂಚಿಸಬೇಕಾಯಿತು.

ತೂಕ ಬರೆಯದ ನಾಲ್ಕು ತಿಂಗಳ ಅಂಕಿಗಳನ್ನು ಹೊಟ್ಟೆ ಉರಿದುಕೊಂಡು ಕೈಬಿಟ್ಟೆ. ಉಳಿದದ್ದನ್ನು ನೂರು ಗ್ರಾಮಿನ ದರಕ್ಕೆ ಇಳಿಸಿದಾಗ ಚಿತ್ರ ತಿಳಿಯಾಯಿತು. ಹಳೆಯ ಸುಂಕದ ದಾಸ್ತಾನು ಮುಗಿಯುವವರೆಗೆ ಬೆಲೆ ಏರಿಸಬೇಡಿ ಎಂದು ಸರ್ಕಾರ ಹೇಳಿದ್ದರೂ ನಾನು ನೋಡಿದ ಅಂಗಡಿಗಳಲ್ಲಿ ಏರಿಕೆ ಬೇಗನೆ ಬಂತು. 2025ರ ಮೇ ಕೊನೆಯಲ್ಲಿ ಸೆಸ್, ಮೇಲ್ತೆರಿಗೆ ಸೇರಿದ ಒಟ್ಟು ಸುಂಕ ಶೇ. 27.5ರಿಂದ 16.5ಕ್ಕೆ ಇಳಿದಾಗ ಆ ಅವಸರ ಯಾರಿಗೂ ಇರಲಿಲ್ಲ.

ಇದನ್ನೆಲ್ಲ ಸುಂಕದ ತಲೆಗೇ ಕಟ್ಟುವಂತಿಲ್ಲ. ಅದೇ ಅವಧಿಯಲ್ಲಿ ಹೊರಗಿನ ದರವೂ ಡಾಲರಿನ ಬೆಲೆಯೂ ಅಲುಗಾಡುತ್ತಿದ್ದವು. ಯಾವುದರ ಪಾಲು ಎಷ್ಟು ಎಂದು ಬಿಡಿಸುವ ಕೆಲಸದಲ್ಲೇ ಈಗ ಕೂತಿದ್ದೇನೆ. ಶನಿವಾರ ಅಂಗಡಿಗೆ ಹೋಗುವಾಗ ಸಣ್ಣ ತಕ್ಕಡಿಯೊಂದು ಚೀಲದಲ್ಲಿರುತ್ತದೆ.