ಸಿಗಡಿ ತೊಟ್ಟಿಯ ತಳಕ್ಕೆ ಮರಳೋ, ಸಾಯಿಲ್ಲೋ?

ಗಾಜಿನ ತೊಟ್ಟಿಯಲ್ಲಿ ಸಾಕುವ ಪುಟ್ಟ ಕೆಂಪು ಚೆರ್ರಿ ಸಿಗಡಿ ಮರಳಿನ ಮೇಲೆ ಕೂತಾಗ ಸ್ವಲ್ಪ ಹತ್ತಿರ ಹೋಗಿ ನೋಡಿ. ಮುಂದಿನ ಎರಡು ಜೊತೆ ಕಾಲುಗಳ ತುದಿಯಲ್ಲಿ ಪುಟ್ಟ ಚಿಮ್ಮಟ, ಅದರ ತುದಿಗೆ ಕುಂಚದಂಥ ಕೂದಲು. ಒಂದು ಕಾಳು ಎತ್ತಿಕೊಳ್ಳುತ್ತದೆ, ತಿರುಗಿಸುತ್ತದೆ, ಮೇಲಿನ ಲೋಳೆಯನ್ನು ಗುಡಿಸಿ ಬಾಯಿಗೆ ಹಾಕಿಕೊಳ್ಳುತ್ತದೆ. ಆಮೇಲೆ ಕಾಳನ್ನು ಬಿಟ್ಟು ಮುಂದಿನದಕ್ಕೆ ಕೈ ಹಾಕುತ್ತದೆ. ದಿನವಿಡೀ ಇದೇ ಕೆಲಸ. ತೊಟ್ಟಿಯ ತಳವೇ ಅದಕ್ಕೆ ಊಟದ ಎಲೆ.

ಅದಕ್ಕೇ ತಳಕ್ಕೆ ಏನು ಹಾಕಬೇಕು ಅನ್ನುವುದನ್ನು ಸಿಗಡಿ ತರುವ ಮುಂಚೆಯೇ ತೀರ್ಮಾನಿಸಬೇಕು. ಅಂಗಡಿಯಲ್ಲಿ ‘ಯಾವುದು ಒಳ್ಳೆಯದು’ ಅಂತ ಕೇಳಿದರೆ ಸಾಮಾನ್ಯವಾಗಿ ಜಾಸ್ತಿ ಬೆಲೆಯ ಚೀಲ ತೋರಿಸುತ್ತಾರೆ. ನಿಜವಾದ ಉತ್ತರ ಇರುವುದು ನಿಮ್ಮ ಮನೆಯ ನಲ್ಲಿಯಲ್ಲಿ.

ಮೊದಲು ನೀರು ನೋಡಿ

ಬೋರ್‌ವೆಲ್ ನೀರಾದರೆ ಅಡುಗೆಮನೆಯೇ ಅರ್ಧ ಉತ್ತರ ಹೇಳುತ್ತದೆ. ತೊಗರಿಬೇಳೆ ಎಷ್ಟು ಹೊತ್ತಾದರೂ ಬೇಯುತ್ತಿಲ್ಲವೇ? ಸೋಪು ನೊರೆ ಬರುತ್ತಿಲ್ಲವೇ? ನಲ್ಲಿಯ ಬಾಯಲ್ಲಿ ಬಿಳಿ ಕರೆ ಕಟ್ಟಿದೆಯೇ? ಹಾಗಾದರೆ ಅದು ಗಡಸು ನೀರು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇದೆ.

ಸರಿಯಾದ ಲೆಕ್ಕಕ್ಕೆ ಜಿಎಚ್, ಕೆಎಚ್ ಅಳೆಯುವ ಹನಿ ಕಿಟ್ ತನ್ನಿ. ಜಿಎಚ್ ಅಂದರೆ ಒಟ್ಟು ಗಡಸುತನ. ಕೆಎಚ್ ಅಂದರೆ ಪಿಎಚ್ ಬೀಳದಂತೆ ಹಿಡಿದುಕೊಳ್ಳುವ ಕಾರ್ಬೊನೇಟ್ ಅಂಶ. ಮನೆಯ ಟಿಡಿಎಸ್ ಮೀಟರ್ ಒಂದೇ ಸಾಲದು. ಅದು ಕರಗಿದ್ದೆಲ್ಲವನ್ನೂ ಒಟ್ಟಿಗೆ ತೋರಿಸುತ್ತದೆ, ಅದರಲ್ಲಿ ಸುಣ್ಣದ ಪಾಲೆಷ್ಟು ಅಂತ ಹೇಳುವುದಿಲ್ಲ.

ಕಿಟ್‌ನ ಒಂದು ಡಿಗ್ರಿ ಗಡಸುತನ ಅಂದರೆ ಲೀಟರಿಗೆ 17.8 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 600ರವರೆಗೂ ಒಪ್ಪುತ್ತಾರೆ. ಡಿಗ್ರಿಗೆ ತಂದರೆ ಸುಮಾರು 11 ಮತ್ತು 34. ಚೆರ್ರಿ ಸಿಗಡಿಗೆ ಜಿಎಚ್ 6ರಿಂದ 12 ಇದ್ದರೆ ಸಾಕು. ಅಂದರೆ ನಾವು ಕುಡಿಯುವ ನೀರೇ ಅದಕ್ಕೆ ತೀರಾ ಗಡಸಾಗಿರಬಹುದು. ಆಗ ಆರ್‌ಒ ನೀರು ಬೆರೆಸಿ ಇಳಿಸಿಕೊಳ್ಳಿ. ಕಾವೇರಿ ನೀರಿನಂಥ ಪೂರೈಕೆ ನೀರು ಬರುವ ಮನೆಯಲ್ಲಿ ಗಡಸಿಗಿಂತ ಕ್ಲೋರಿನ್ನಿನ ಯೋಚನೆ ದೊಡ್ಡದು. ಕ್ಲೋರಿನ್ ತೆಗೆಯುವ ದ್ರಾವಣ ಹಾಕದೆ ಬಳಸಲೇಬೇಡಿ.

ಸಾಯಿಲ್ ಯಾರಿಗೆ ಬೇಕು?

ಅಂಗಡಿಯವರು ‘ಸಾಯಿಲ್’ ಅನ್ನುವುದು ತೋಟದ ಮಣ್ಣಲ್ಲ. ಮಣ್ಣನ್ನು ಸಂಸ್ಕರಿಸಿ ಗಟ್ಟಿ ಕಾಳು ಮಾಡಿದ್ದು. ಜಪಾನಿನ ಎಡಿಎ ಕಂಪನಿಯ ಅಮೆಜೋನಿಯಾ ಇದರಲ್ಲಿ ಹೆಸರುವಾಸಿ. ಈ ಕಾಳುಗಳು ನೀರಿನ ಕ್ಯಾಲ್ಸಿಯಂ ಹಿಡಿದುಕೊಂಡು ಬದಲಿಗೆ ಹೈಡ್ರೋಜನ್ ಅಯಾನು ಬಿಡುತ್ತವೆ. ಅದು ನೀರಿನ ಕಾರ್ಬೊನೇಟನ್ನು ಕಳೆದುಹಾಕುತ್ತದೆ. ಕೆಎಚ್ ಸೊನ್ನೆಯ ಹತ್ತಿರ ಬರುತ್ತದೆ, ಪಿಎಚ್ 6ರಿಂದ 6.5ರ ಆಸುಪಾಸಿಗೆ ಇಳಿದು ನಿಲ್ಲುತ್ತದೆ.

ಕೆಂಪು ಬಿಳಿ ಪಟ್ಟೆಯ ಕ್ರಿಸ್ಟಲ್ ರೆಡ್ ಸಿಗಡಿಗೆ ಬೇಕಾದದ್ದು ಇದೇ. ಅದು ಮೆತ್ತನೆಯ, ತುಸು ಹುಳಿ ನೀರಿನ ಜೀವಿ. ನೀರು 24 ಡಿಗ್ರಿ ಸೆಲ್ಸಿಯಸ್ ದಾಟದಿದ್ದರೆ ಅದಕ್ಕೆ ಹಿತ. ನಮ್ಮ ಏಪ್ರಿಲ್ ಬಿಸಿಲು ನೆನೆಸಿಕೊಳ್ಳಿ. ಹೊಸಬರು ಅದರಿಂದ ಶುರು ಮಾಡೋದು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸಾಯಿಲ್‌ನ ಕಸುವಿಗೆ ಒಂದು ಮಿತಿ ಇದೆ. ಆರ್‌ಒ ನೀರಿಗೆ ಸಿಗಡಿಯ ಖನಿಜ ಪುಡಿ ಸೇರಿಸಿ ಬಳಸಿದರೆ ವರ್ಷಕ್ಕೂ ಮೀರಿ ಬಾಳುತ್ತದೆ. ಗಡಸು ನೀರು ಸುರಿದರೆ ಕೆಲವೇ ತಿಂಗಳಲ್ಲಿ ಮುಗಿದುಹೋಗುತ್ತದೆ. ಆಮೇಲೆ ಪಿಎಚ್ ಮೆಲ್ಲನೆ ಮೇಲೇರುತ್ತದೆ.

ಇನ್ನೊಂದು ಅಪಾಯ ಮೊದಲ ವಾರಗಳದ್ದು. ಇಂಥ ಹಲವು ಸಾಯಿಲ್‌ಗಳು ಶುರುವಿನಲ್ಲಿ ಅಮೋನಿಯಾ ಬಿಡುತ್ತವೆ. ನನ್ನ ಮೊದಲ ತೊಟ್ಟಿಗೆ ‘ಹಾಕಿದ ತಕ್ಷಣ ಸಿಗಡಿ ಬಿಡಬಹುದು’ ಎಂದು ಹೇಳಿ ಸಾಯಿಲ್ ಕೊಟ್ಟಿದ್ದರು. ಮೂರನೇ ದಿನ 15 ಚೆರ್ರಿಗಳನ್ನು ಬಿಟ್ಟೆ. ನೀರು ಕನ್ನಡಿಯಂತೆ ತಿಳಿಯಾಗಿತ್ತು. ಒಂದು ವಾರದಲ್ಲಿ 11 ಸತ್ತವು. ಒಂದೊಂದೂ ಬೇಯಿಸಿದ ಸಿಗಡಿಯ ಹಾಗೆ ಮಂಕು ಗುಲಾಬಿಯಾಗಿ ಪಕ್ಕಕ್ಕೆ ಬಿದ್ದಿತ್ತು. ಅವತ್ತು ಕೈಯಲ್ಲಿ ಒಂದು ಅಮೋನಿಯಾ ಕಿಟ್ ಇದ್ದಿದ್ದರೆ ಅವು ಉಳಿಯುತ್ತಿದ್ದವು. ಈಗಲೂ ಬೇಜಾರಾಗುತ್ತದೆ.

ಹಾಗಾಗಿ ಚೆರ್ರಿ ಸಾಕುವವರು, ಮಧ್ಯಮ ಗಡಸಿನ ನೀರಿರುವವರು ಸಾಯಿಲ್‌ಗೆ ಹಣ ಹಾಕಬೇಕಿಲ್ಲ. ನೀರಿನ ಗುಣ ಬದಲಿಸದ ಸಾದಾ ಮರಳು ಸಾಕು. ಸಿಗಡಿ ಪೊರೆ ಕಳಚಿ ಹೊಸ ಚಿಪ್ಪು ಕಟ್ಟಿಕೊಳ್ಳಲು ಕ್ಯಾಲ್ಸಿಯಂ ಬೇಕೇ ಬೇಕು. ಅದು ನಮ್ಮ ನೀರಲ್ಲೇ ಇದೆ. ಗಿಡ ಬೇಕಾದರೆ ಜಾವಾ ಮಾಸ್, ಅನೂಬಿಯಸ್ ಇಡಿ. ಅವಕ್ಕೆ ಮಣ್ಣು ಬೇಡ, ಕಲ್ಲಿಗೋ ಕಟ್ಟಿಗೆಗೋ ಕಟ್ಟಿದರೆ ಬೆಳೆಯುತ್ತವೆ.

ಮರಳನ್ನು ಪರೀಕ್ಷಿಸಿ

ಒಂದು ಚಮಚ ಮರಳನ್ನು ತೊಳೆದು, ಒಣಗಿಸಿ, ಗಾಜಿನ ಲೋಟಕ್ಕೆ ಹಾಕಿ. ಮುಳುಗುವಷ್ಟು ವಿನೆಗರ್ ಸುರಿದು ಕಿವಿ ಹತ್ತಿರ ಹಿಡಿಯಿರಿ. ಸುಣ್ಣದ ಅಂಶ ಇದ್ದರೆ ಸಣ್ಣಗೆ ಚುರುಗುಟ್ಟುವ ಸದ್ದು ಬರುತ್ತದೆ, ಕಾಳಿನ ಸುತ್ತ ಗುಳ್ಳೆ ಸಾಲುಗಟ್ಟಿ ಏಳುತ್ತವೆ. ಸುರಿದಾಗ ಮೇಲೆ ಬರುವ ಒಂದೆರಡು ಗುಳ್ಳೆ ಬರೀ ಗಾಳಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಐದು ನಿಮಿಷ ಬಿಟ್ಟು ನೋಡಿದಾಗಲೂ ಗುಳ್ಳೆ ಬರುತ್ತಿದ್ದರೆ ಆ ಮರಳು ಬೇಡ. ತೊಟ್ಟಿಯಲ್ಲಿ ಅದು ಕರಗುತ್ತಾ ಗಡಸುತನ ಏರಿಸುತ್ತದೆ.

ಕಾರವಾರ, ಮಲ್ಪೆ ಕಡೆಗೆ ಹೋದಾಗ ಕಡಲ ಮರಳು ತರುವ ಆಸೆಯಾಗುತ್ತದೆ, ಅಲ್ವಾ? ಬಿಟ್ಟುಬಿಡಿ. ಅದರಲ್ಲಿ ಉಪ್ಪಿದೆ, ಚಿಪ್ಪಿನ ಚೂರಿದೆ. ಅಮೃತಶಿಲೆಯ ಬಿಳಿ ಕಲ್ಲೂ ಸುಣ್ಣವೇ. ಕಟ್ಟಡದ ಎಂ-ಸ್ಯಾಂಡ್ ಕಲ್ಲು ಪುಡಿ ಮಾಡಿದ್ದು, ಅಂಚು ಚೂಪು, ದೂಳು ಬೇಗ ಬಿಡುವುದಿಲ್ಲ. ಬಣ್ಣ ಬಳಿದ ಜಲ್ಲಿಯಂತೂ ಬೇಡವೇ ಬೇಡ.

ಕಾಳು 1ರಿಂದ 3 ಮಿಲಿಮೀಟರ್ ಇದ್ದರೆ ಒಳ್ಳೆಯದು. ದಪ್ಪ ಜಲ್ಲಿಯಾದರೆ ಉಳಿದ ಆಹಾರ ಸಂದಿಗೆ ಇಳಿದು ಕೊಳೆಯುತ್ತದೆ. ತೀರಾ ಸಣ್ಣ ಕಾಳಾದರೆ ಮರಳು ಬಿಗಿದುಕೊಂಡು ಅಡಿಯಲ್ಲಿ ಕೊಳೆತ ಮೊಟ್ಟೆ ವಾಸನೆಯ ಅನಿಲ ಕಟ್ಟಬಹುದು. ಬಣ್ಣ ಕಪ್ಪು ಅಥವಾ ಗಾಢ ಕಂದು ಇರಲಿ. ತಿಳಿ ಮರಳಿನ ಮೇಲೆ ಚೆರ್ರಿ ತನ್ನ ಕೆಂಪನ್ನು ತಗ್ಗಿಸಿಕೊಳ್ಳುತ್ತದೆ. ಕಪ್ಪಿನ ಮೇಲೆ ಕುಂಕುಮದ ಹಾಗೆ ಕಾಣುತ್ತದೆ.

ಎಷ್ಟು ತರಬೇಕು? ಮೂರು ಸೆಂಟಿಮೀಟರ್ ಎತ್ತರ ಸಾಕು. ತಳ 45 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ ಇದ್ದರೆ 45×30×3, ಅಂದರೆ 4,050 ಘನ ಸೆಂ.ಮೀ. ಸುಮಾರು ನಾಲ್ಕು ಲೀಟರ್. ಲೀಟರ್ ಮರಳು ಒಂದೂವರೆ ಕಿಲೋ ತೂಗುತ್ತದೆ. ಲೆಕ್ಕಕ್ಕೆ ಆರು ಕಿಲೋ, ತುಸು ಹೆಚ್ಚಿಗೆ ಆರೂವರೆ ತನ್ನಿ.

ಹಾಕುವ ಬಗೆ

ಮರಳನ್ನು ಬಕೆಟ್‌ನಲ್ಲಿ ಅಕ್ಕಿ ತೊಳೆದ ಹಾಗೆ ತೊಳೆಯಿರಿ, ನೀರು ತಿಳಿಯಾಗುವವರೆಗೂ. ಸೋಪು ಮುಟ್ಟಿಸಬೇಡಿ. ಸಾಯಿಲ್ ಆದರೆ ತೊಳೆಯಲೇಬೇಡಿ, ಕಾಳು ಒಡೆದು ಕೆಸರಾಗುತ್ತದೆ. ತಳದಲ್ಲಿ ಹರಡಿ, ಮೇಲೊಂದು ತಟ್ಟೆ ಇಟ್ಟು ಅದರ ಮೇಲೆ ನಿಧಾನಕ್ಕೆ ನೀರು ಬಿಡಿ. ಸ್ಪಾಂಜ್ ಫಿಲ್ಟರ್ ಓಡಿಸಿ, ಒಂದು ಚಿಟಿಕೆ ಮೀನಿನ ಆಹಾರ ಹಾಕಿ, ಅದು ಕೊಳೆತು ಬರುವ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಕಾಯಿರಿ. ಅಮೋನಿಯಾ, ಅದರಿಂದ ಹುಟ್ಟುವ ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೇ ಸಿಗಡಿ. ಅಷ್ಟರಲ್ಲಿ ಕಾಳುಗಳ ಮೇಲೆ ತೆಳು ಕಂದು ಪದರವೂ ಕಂಡೀತು. ಒರೆಸಬೇಡಿ, ಅದೇ ಅವುಗಳ ಮೊದಲ ಊಟ.

ಆಮೇಲಿನ ತಿಂಗಳುಗಳಲ್ಲಿ ಸೈಫನ್ ಕೊಳವೆಯಿಂದ ಮೇಲ್ಮೈಯ ಕಸ ಮಾತ್ರ ಎಳೆಯಿರಿ, ಮರಳನ್ನು ಕೆದಕಬೇಡಿ. ಕೊಳವೆಯ ಬಾಯಿಗೆ ಹಳೆಯ ನೈಲಾನ್ ಕಾಲುಚೀಲದ ತುಂಡು ಕಟ್ಟಿರಿ. ಆಗಷ್ಟೇ ಹುಟ್ಟಿದ ಮರಿ ಎರಡು ಮಿಲಿಮೀಟರ್ ಅಷ್ಟೇ ಇರುತ್ತದೆ. ಬಕೆಟ್ ನೀರು ಚೆಲ್ಲುವ ಮುಂಚೆ ಟಾರ್ಚ್ ಹಿಡಿದು ಒಮ್ಮೆ ತಳ ನೋಡಿ. ಒಂದೆರಡು ಸಿಕ್ಕೇ ಸಿಗುತ್ತವೆ.