ಅಂತರಾ ಚುಚ್ಚುಮದ್ದಿನ ನಂತರ ಮುಟ್ಟು ನಿಲ್ಲದಿದ್ದಾಗ

ಗರ್ಭ ನಿಲ್ಲದಂತೆ ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ಹಾಕಿಸಿಕೊಂಡ ಮೇಲೆ ಹತ್ತು ಹನ್ನೆರಡು ದಿನವಾದರೂ ಮುಟ್ಟು ನಿಲ್ಲದಿದ್ದರೆ ಗಾಬರಿಯಾಗುವುದು ಸಹಜ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುವ ಈ ಚುಚ್ಚುಮದ್ದಿನಲ್ಲಿರುವ ಹಾರ್ಮೋನು ಗರ್ಭಕೋಶದ ಒಳಪದರವನ್ನು ತೆಳುವಾಗಿಸುತ್ತದೆ. ಅಲ್ಲಿನ ಸೂಕ್ಷ್ಮ ರಕ್ತನಾಳಗಳು ದುರ್ಬಲಗೊಂಡು ಆಗಾಗ ಒಡೆಯುವುದರಿಂದ ರಕ್ತ ಜಿನುಗುತ್ತಿರುತ್ತದೆ. ಮೊದಲ ಮೂರರಿಂದ ಆರು ತಿಂಗಳಲ್ಲಿ ಇದು ಸಾಮಾನ್ಯವಾಗಿದ್ದು, ಮುಂದಿನ ಡೋಸ್‌ಗಳಲ್ಲಿ ಬಹುತೇಕರಿಗೆ ಕಡಿಮೆಯಾಗುತ್ತಾ ಬರುತ್ತದೆ. ಈ ಮಾತನ್ನು ಚುಚ್ಚುಮದ್ದು ಕೊಡುವ ಮೊದಲೇ ಪ್ರತಿ ಮಹಿಳೆಗೂ ಬಿಡಿಸಿ ಹೇಳಬೇಕು. ಹೇಳದಿರುವುದು ದೊಡ್ಡ ಲೋಪ.

ಮೊದಲು ಲೆಕ್ಕ ಇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಬರೀ ಕಲೆ ಕಂಡ ದಿನಕ್ಕೆ ಒಂದು ಚುಕ್ಕೆ, ಪ್ಯಾಡ್ ಬೇಕಾದ ದಿನಕ್ಕೆ ಗೆರೆ ಹಾಕಿ, ಎಷ್ಟು ಪ್ಯಾಡ್ ಬದಲಿಸಿದಿರಿ ಎಂಬುದನ್ನು ಪಕ್ಕದಲ್ಲೇ ಬರೆಯಿರಿ. ರಕ್ತಸ್ರಾವ ಎಂಟು ದಿನ ಮೀರಿದರೆ ಅಥವಾ ನಿಮ್ಮ ಎಂದಿನ ಮುಟ್ಟಿನ ಎರಡರಷ್ಟಾದರೆ, ಆ ಕ್ಯಾಲೆಂಡರನ್ನೂ ಅಂತರಾ ಕಾರ್ಡನ್ನೂ ಹಿಡಿದು ವೈದ್ಯರ ಬಳಿ ಹೋಗಿ. "ತುಂಬಾ ಹೋಗುತ್ತಿದೆ" ಎಂಬ ಮಾತಿಗಿಂತ "ದಿನಕ್ಕೆ ಆರು ಪ್ಯಾಡ್, ಹದಿನಾಲ್ಕು ದಿನದಿಂದ" ಎಂಬ ಮಾತು ಅವರಿಗೆ ಹೆಚ್ಚು ತಿಳಿಸುತ್ತದೆ.

ಎಲ್ಲ ರಕ್ತಸ್ರಾವಕ್ಕೂ ಚುಚ್ಚುಮದ್ದೇ ಕಾರಣವಲ್ಲ. ಗರ್ಭಧಾರಣೆ, ಸೋಂಕು, ಗರ್ಭಕೋಶದ ಗಡ್ಡೆ, ಗರ್ಭಕಂಠದ ತೊಂದರೆ ಇವುಗಳಲ್ಲಿ ಯಾವುದೂ ಇಲ್ಲವೆಂದು ವೈದ್ಯರು ಖಚಿತಪಡಿಸಿಕೊಳ್ಳಬೇಕು. ಅನಂತರ ಅವರು ಮೆಫೆನಾಮಿಕ್ ಆಮ್ಲ ಅಥವಾ ಐಬುಪ್ರೊಫೆನ್ ಮಾತ್ರೆಯನ್ನು ಸಾಮಾನ್ಯವಾಗಿ ಐದು ದಿನಕ್ಕೆ ಬರೆದುಕೊಡಬಹುದು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಅಥವಾ ಆಸ್ತಮಾ ಇದ್ದರೆ ಮುಚ್ಚಿಡದೆ ಹೇಳಿ. ಕೆಲವರಿಗೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯನ್ನು 21 ದಿನ ಕೊಡುವುದುಂಟು. ಆದರೆ ಆರು ತಿಂಗಳೊಳಗಿನ ಮಗುವಿಗೆ ಹಾಲುಣಿಸುತ್ತಿರುವವರಿಗೆ, ರಕ್ತದೊತ್ತಡ ಹೆಚ್ಚಿರುವವರಿಗೆ, ಹಿಂದೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಿಗೆ ಅದು ಹೊಂದುವುದಿಲ್ಲ. ಆದ್ದರಿಂದ ನೆರೆಮನೆಯವರ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೊಳ್ಳಬೇಡಿ. ಆಸ್ಪಿರಿನ್ ಅಂತೂ ಬೇಡವೇ ಬೇಡ, ಅದು ರಕ್ತಸ್ರಾವವನ್ನು ಹೆಚ್ಚಿಸಬಲ್ಲದು.

ದಿನಗಟ್ಟಲೆ ರಕ್ತ ಹೋದಾಗ ಕಬ್ಬಿಣಾಂಶ ಕುಗ್ಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದ್ದುದರಿಂದ, ಇದನ್ನು ಕಡೆಗಣಿಸುವಂತಿಲ್ಲ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ, ಚಹಾದ ಜೊತೆ ನುಂಗದೆ ನಿಂಬೆ ಪಾನಕದೊಂದಿಗೆ ತೆಗೆದುಕೊಂಡರೆ ಅದು ಚೆನ್ನಾಗಿ ಮೈಗೆ ಹತ್ತುತ್ತದೆ.

ಗಂಟೆಗೊಂದರಂತೆ ಎರಡು ಗಂಟೆ ಪ್ಯಾಡ್ ಪೂರ್ತಿ ತೊಯ್ದರೆ, ತಲೆ ಸುತ್ತಿ ಬಿದ್ದರೆ ಅಥವಾ ಕಿಬ್ಬೊಟ್ಟೆಯಲ್ಲಿ ತೀವ್ರ ನೋವು ಬಂದರೆ ಬೆಳಗಾಗಲೆಂದು ಕಾಯದೆ ಕೂಡಲೇ ಆಸ್ಪತ್ರೆ ಸೇರಿ.

ಬೇಸತ್ತು ಮುಂದಿನ ಡೋಸ್ ಅನ್ನು ಸುಮ್ಮನೆ ತಪ್ಪಿಸಬೇಡಿ, ಗರ್ಭ ನಿಲ್ಲುವ ಸಾಧ್ಯತೆಯಿದೆ. ಬೇರೆ ವಿಧಾನ ಬೇಕೆನಿಸಿದರೆ ಕೇಳುವ ಹಕ್ಕು ನಿಮ್ಮದು. ಹಾರ್ಮೋನಿಲ್ಲದ ಗರ್ಭನಿರೋಧಕ ಮಾತ್ರೆಯಾದ ಛಾಯಾ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿಯೇ ಸಿಗುತ್ತದೆ. ಕಾಪರ್-ಟಿ ಸ್ವತಃ ಮುಟ್ಟಿನ ಸ್ರಾವವನ್ನು ಹೆಚ್ಚಿಸಬಹುದಾದ್ದರಿಂದ ಅದರ ಬಗ್ಗೆ ವೈದ್ಯರೊಡನೆ ಮಾತನಾಡಿಯೇ ನಿರ್ಧರಿಸಿ.