ಹೀಟ್‌ಮ್ಯಾಪ್ ಕೈಬಿಟ್ಟ ಮೇಲೆ ಮಾಡೆಲ್ ಜನಕ್ಕೆ ಅರ್ಥವಾಯಿತು

ಚಿತ್ರದ ಯಾವ ಭಾಗ ನೋಡಿ ಎಐ ಮಾಡೆಲ್ ತೀರ್ಮಾನಿಸಿತು ಎಂದು ಬಣ್ಣದ ಹೀಟ್‌ಮ್ಯಾಪ್‌ನಲ್ಲಿ ತೋರಿಸುವ ಗ್ರ್ಯಾಡ್-ಕ್ಯಾಮ್ ತೆಗೆದರೆ ಯಾರೂ ಮಾಡೆಲ್ ನಂಬುವುದಿಲ್ಲ ಎಂದು ತಂಡದಲ್ಲಿ ಎಲ್ಲರೂ ಹೇಳಿದ್ದರು. ಈಗ ಅವರೇ ನನ್ನ ವಿಧಾನ ಬಳಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಲೋಹದ ಬಿಡಿಭಾಗಗಳ ಫೋಟೋ ನೋಡಿ ಬಿರುಕು, ಗೀರು, ತುಕ್ಕು ಎಂದು ವಿಂಗಡಿಸುವ ಕೆಲಸ. ರೆಸ್‌ನೆಟ್-50 ಎಂಬ ನ್ಯೂರಲ್ ನೆಟ್‌ವರ್ಕ್ ಮಾಡೆಲ್, ನಿಖರತೆ 93%ರ ಆಸುಪಾಸು. ತೊಂದರೆ ಬೇರೆಯೇ ಇತ್ತು. ತಪಾಸಣೆ ಮಾಡುವವರು ಮಾಡೆಲ್ ತಪ್ಪಿದಾಗಲೂ ಹೂಂ ಅನ್ನುತ್ತಿದ್ದರು. ಹೀಟ್‌ಮ್ಯಾಪ್ ತೋರಿಸಿದ ಮೇಲಂತೂ ಇನ್ನೂ ಜಾಸ್ತಿ! 224 ಪಿಕ್ಸೆಲ್ ಚಿತ್ರಕ್ಕೆ ಹೀಟ್‌ಮ್ಯಾಪ್ ತೆಗೆಯುವ ಪದರದಲ್ಲಿ ಉಳಿಯುವುದು 7×7 ಚೌಕ ಮಾತ್ರ ಅಲ್ವಾ? ಕೂದಲೆಳೆಯ ಬಿರುಕಿಗೂ ಪಕ್ಕದ ಗೀರಿಗೂ ಒಂದೇ ಕೆಂಪು ಮಚ್ಚೆ.

ಆಮೇಲೆ ಲೈಮ್, ಅಂದರೆ ಚಿತ್ರದ ತುಣುಕುಗಳನ್ನು ಮರೆಮಾಡುತ್ತಾ ಯಾವುದು ಮುಖ್ಯ ಎಂದು ಅಳೆಯುವ ವಿಧಾನ. ರ‍್ಯಾಂಡಮ್ ಸೀಡ್ (ಮನಸೋಇಚ್ಛೆ ಆಯ್ಕೆ ಶುರುವಾಗುವ ಸಂಖ್ಯೆ) ಬದಲಾದರೆ ವಿವರಣೆಯೂ ಬದಲು. ಒಂದೊಂದು ಚಿತ್ರಕ್ಕೆ ಸಾವಿರ ಸಲ ಮಾಡೆಲ್ ಓಡಬೇಕು. ಮಾಡೆಲ್ ಓಡಿಸುವ ಜಿಪಿಯು ಚಿಪ್ಪುಗಳ ಬಾಡಿಗೆಗೇ ಬಜೆಟ್ಟಿನ ಮೂರನೇ ಒಂದು ಪಾಲು ಹೋಯಿತು.

ನಡುವೆ ಒಂದು ಪ್ರಯೋಗ. ಮಾಡೆಲ್‌ನ ತೂಕಗಳನ್ನೆಲ್ಲ (ಅದು ಕಲಿತ ಸಂಖ್ಯೆಗಳು) ಅಳಿಸಿ ಮನಸೋಇಚ್ಛೆ ತುಂಬಿದರೂ ಗೈಡೆಡ್ ಬ್ಯಾಕ್‌ಪ್ರಾಪ್ (ಮಾಡೆಲ್ ನೋಡಿದ ಜಾಗ ತೋರಿಸುವ ಇನ್ನೊಂದು ವಿಧಾನ) ಕೊಡುವ ಚಿತ್ರ ಹೆಚ್ಚು ಬದಲಾಗುವುದಿಲ್ಲ ಎಂದು ಸಂಶೋಧಕರು 2018ರಲ್ಲೇ ತೋರಿಸಿದ್ದರು. ನಾನೂ ಹಾಗೇ ಮಾಡಿ ತಪಾಸಕರ ಮುಂದಿಟ್ಟೆ. ಏನೂ ಕಲಿಯದ ಮಾಡೆಲ್‌ನ ಚಿತ್ರ ನೋಡಿ, "ಸರಿಯಾಗಿ ಬಿರುಕನ್ನೇ ನೋಡುತ್ತಿದೆ" ಎಂದರು. ಹೀಟ್‌ಮ್ಯಾಪ್ ಬಿಡಲು ನನಗೆ ಅಷ್ಟು ಸಾಕಾಯಿತು.

ಕೆಲಸ ಮಾಡಿದ್ದು ತೀರಾ ಸರಳ. ವರ್ಗ ತೀರ್ಮಾನಿಸುವ ಕೊನೆಯ ಪದರಕ್ಕೆ ಹೋಗುವ 2048 ಸಂಖ್ಯೆಗಳನ್ನು ಹಿಡಿದು, ತರಬೇತಿ ಚಿತ್ರಗಳಲ್ಲಿ ಆ ಸಂಖ್ಯೆಗಳಿಗೆ ಹತ್ತಿರದ ಮೂರನ್ನು ತೋರಿಸುತ್ತೇನೆ. ಜೊತೆಗೆ ಎದುರಾಳಿ ವರ್ಗದ (ಬಿರುಕಿಗೆ ಗೀರು ಇದ್ದಂತೆ) ಒಂದು. "ಇಷ್ಟು ಹಳೆಯ ಉಪಾಯವಾ?" ಎಂದರು ತಂಡದವರು. ಅಳತೆಯನ್ನೂ ಬದಲಿಸಿದೆ. ತಪಾಸಕರನ್ನು "ನಿಮಗೆ ನಂಬಿಕೆ ಬಂತಾ?" ಎಂದು ಕೇಳುವುದು ಬಿಟ್ಟು, "ಈ ಫೋಟೋಗೆ ಮಾಡೆಲ್ ಏನು ಹೇಳುತ್ತದೆ, ಊಹಿಸಿ" ಎಂದೆ. ಮೊದಲು ನೂರಕ್ಕೆ ಅರವತ್ತರ ಹತ್ತಿರ ಸರಿಯಾಗುತ್ತಿತ್ತು, ಈಗ ಎಂಬತ್ತು ದಾಟಿದೆ. ಮಾಡೆಲ್ ಎಲ್ಲಿ ಎಡವುತ್ತದೆ ಎಂಬುದನ್ನೂ ಮೊದಲೇ ಹೇಳುತ್ತಾರೆ. ಎದುರಾಳಿ ಚಿತ್ರ ಆರಿಸುವಾಗ ಬರೀ ದೂರ ನೋಡಿದರೆ ಸಾಲದು. ಇನ್ನೊಂದು ಸೋಸುವಿಕೆ ಇದೆ, ಅದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ದುಡ್ಡು ಹೆಚ್ಚು ಹೋದದ್ದು ಲೇಬಲ್ ತಿದ್ದಲು. ತಪ್ಪು ಲೇಬಲ್ಲಿನ ಚಿತ್ರ ಒಂದೇ ಒಂದು ಪಕ್ಕದಲ್ಲಿ ಬಂದರೂ ಜನ ಗೊಂದಲಕ್ಕೆ ಬೀಳುತ್ತಾರೆ. ಆದರೆ ಖರ್ಚು ದಂಡವಾಗಲಿಲ್ಲ. ತುಕ್ಕಿನ ಚಿತ್ರಗಳೆಲ್ಲ ನೀಲಿ ಟ್ರೇ ಮೇಲೆ ತೆಗೆದದ್ದು ಎಂದು ಮೊದಲು ಕಂಡುಹಿಡಿದದ್ದು ಒಬ್ಬ ತಪಾಸಕಿ. ಹತ್ತಿರದ ಮೂರೂ ಚಿತ್ರಗಳಲ್ಲಿ ಟ್ರೇ ಎದ್ದು ಕಾಣುತ್ತಿತ್ತು, ಅಂದರೆ ಮಾಡೆಲ್ ತುಕ್ಕಿನ ಬದಲು ಟ್ರೇಯನ್ನು ನೋಡುತ್ತಿತ್ತು. ಹೀಟ್‌ಮ್ಯಾಪ್‌ನಲ್ಲಿ ಅದು ಸುಮ್ನೆ ಅಂಚಿನ ಬಣ್ಣವಾಗಿ ಕಂಡಿತ್ತು. ಈಗ ಟ್ರೇ ಕತ್ತರಿಸಿ ತುಕ್ಕಿನ ವರ್ಗಕ್ಕೆ ಮತ್ತೆ ತರಬೇತಿ ನಡೆದಿದೆ.